ಇಲ್ಲದ ಊರಿನ ಹಳ್ಳ

ನಿನ್ನೆ ಸಂಜೆ ಹಾಲಸ್ವಾಮಿಯವರು ಕೇಳಿದ್ದು ಒಂದೇ ಮಾತು. ‘ಈ ನೀರು ಯಾವ ಕಡೆ ಹರೀತೈತೆ ಮೇಷ್ಟ್ರೇ?’ ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಕೈಯಲ್ಲಿದ್ದ ಪೇಪರ್ ಲೋಟದ ಚಹಾ ಮುಗಿಸಿ, ಲೋಟವನ್ನು ಮುದುರಿ ಬುಟ್ಟಿಗೆ ಎಸೆದು, ಕಂಬ ಎಲ್ಲಿ ನೆಡಬೇಕೆಂದು ಶಾಮಿಯಾನದವರಿಗೆ ತೋರಿಸಲು ಹೋಗಿಬಿಟ್ಟರು. ಈಗ ಬೆಳಿಗ್ಗೆ ಶಾಲೆಯ ಗೋಡೆಯ ಮುಂದೆ ಬೆಂಚಿನ ಮೇಲೆ ನಿಂತು, ಒಣಗಿದ ಬ್ರಷ್ಷನ್ನು ಅಂಗೈಗೆ ಉಜ್ಜುತ್ತ ಕೊಟ್ರೇಶ್ ಅದಕ್ಕೆ ಉತ್ತರ ಹುಡುಕುತ್ತಿದ್ದ. ಉತ್ತರವೇನೋ ಕಣ್ಣೆದುರಿಗೇ ಇತ್ತು. ತಾನೇ ಬರೆದ ಹಳ್ಳ. ಗೋಡೆಯ ಎಡ ಅಂಚಿನಿಂದ ಹೊರಟು ಬಲ ಅಂಚಿನವರೆಗೆ, ನಡುವೆ ಎರಡು ಸಲ ಬಳುಕಿ ಹೋಗಿತ್ತು. ಈ ಸೀಮೆಯಲ್ಲಿ ಅಷ್ಟು ನೀಲಿ ಬಣ್ಣ ಖರ್ಚು ಮಾಡುವುದೇ ಒಂದು ದೌಲತ್ತು ಎಂದು ಬರೆಯುವಾಗ ಅವನಿಗೆ ನಗು ಬಂದಿತ್ತು. ಆದರೆ ಕೇಳಿದವರು ಈ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು. ಊರಿನ ಮೇಲಿನ ಬೀದಿಯ ದೊಡ್ಡ ಮನೆಯವರು. ಅವರು ಸುಮ್ಮನೆ ಏನನ್ನೂ ಕೇಳುವವರಲ್ಲ ಎಂಬುದು ಕೊಟ್ರೇಶನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಅಥವಾ ಹಾಗೆಂದು ಅವನು ನಂಬಿದ್ದ.

ಶಾಲೆಗೆ ನೂರು ವರ್ಷ ತುಂಬಿದ ಸಮಾರಂಭ ನಾಳೆ, ಮಂತ್ರಿಗಳೂ ಬರುವವರಿದ್ದರು. ಬಿಳಿಚೋಡು ದಾಟಿ ಆಟೋದಲ್ಲಿ ಒಳಗೆ ಹೋದರೆ ಸಿಗುವ ಈ ಊರಿನ ಶಾಲೆಯಲ್ಲೇ ಕೊಟ್ರೇಶ್ ಅಕ್ಷರ ಕಲಿತದ್ದು. ಈಗ ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಸಂತೇಬೆನ್ನೂರಿನ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬಂದಿದ್ದ ಹೆಡ್‌ಮಾಸ್ಟರ್ ಗುರುಬಸವರಾಜ್ ಹಳೆಯ ವಿದ್ಯಾರ್ಥಿಗಳ ನಡುವೆ ಇಂಥವನೊಬ್ಬ ಇದ್ದಾನೆಂದು ಪತ್ತೆ ಮಾಡಿ ಫೋನ್ ಮಾಡಿದ್ದರು. ಮಕ್ಕಳಿಗಾಗಿ ಶಾಲೆಯ ಗೋಡೆಯ ಮೇಲೆ ಒಂದು ಊರನ್ನು ಬರೆದುಕೊಡಬೇಕು. ಅದು ಯಾವ ಊರೂ ಆಗಿರಬಾರದು, ಆದರೆ ನೋಡಿದವರಿಗೆಲ್ಲ ತಮ್ಮದೇ ಅನ್ನಿಸಬೇಕು ಎಂದಿದ್ದರು. ಕೊಟ್ರೇಶ್ ಒಪ್ಪಿಕೊಂಡ. ಫೋನ್ ಇಟ್ಟ ಮೇಲೆ ಅವನಿಗೆ ಭಯವಾಯಿತು. ಇಷ್ಟು ವರ್ಷ ಮಕ್ಕಳ ಕೈಯಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ ಬರೆಸುತ್ತ ಬಂದವನು ಒಂದು ಊರನ್ನು ಮೊದಲಿನಿಂದ ಕಟ್ಟುವುದೆಂದರೆ ಎಲ್ಲಿಂದ ಶುರುಮಾಡಬೇಕು. ದೇವಸ್ಥಾನದಿಂದಲೇ? ಯಾರ ದೇವಸ್ಥಾನ. ಬಾವಿಯಿಂದಲೇ? ಯಾರ ಬಾವಿ. ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲ್ ಇಟ್ಟರೆ ಸಾಕು, ಕೈ ತಾನಾಗಿ ಮೇಲೊಂದು ಬೀದಿ ಎಳೆದು, ಅದರ ಕೆಳಗೊಂದು ಬೀದಿ ಎಳೆದು, ನಂತರ ಸ್ವಲ್ಪ ಖಾಲಿ ಜಾಗ ಬಿಟ್ಟು, ಅದರಾಚೆ ನಾಲ್ಕಾರು ಗುಡಿಸಲು ಗೀಚುತ್ತಿತ್ತು. ಆ ಖಾಲಿ ಜಾಗವನ್ನು ಬಿಡು ಎಂದು ಕೈಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಹಾಳೆ ಹರಿದು ಹಾಕಿದ. ಮತ್ತೆ ಬರೆದಾಗಲೂ ಅದೇ ಊರು, ಅದೇ ಖಾಲಿ ಜಾಗ.

ಕೊನೆಗೆ ಅವನು ಕಂಡುಕೊಂಡ ಉಪಾಯದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಹೊನ್ನಾಳಿಯ ಮನೆಯಲ್ಲಿ ಹಾಳೆಯನ್ನು ನೆಲಕ್ಕೆ ಹಾಸಿ, ಒಂದು ಹಿಡಿ ಹುಣಸೆ ಬೀಜ ತಂದು, ಕಣ್ಣು ಮುಚ್ಚಿ ಅದರ ಮೇಲೆ ಚೆಲ್ಲಿದ. ಬೀಜ ಬಿದ್ದ ಕಡೆ ಮನೆ. ಬೀದಿಯೇ ಇಲ್ಲ, ಮೇಲಿಲ್ಲ, ಕೆಳಗಿಲ್ಲ, ಖಾಲಿ ಜಾಗವೂ ಇಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, ಚೌಕಾಬಾರ ಆಡುತ್ತಿದ್ದೀರಾ ಎಂದು ಕೇಳಿ ನಕ್ಕಿದ್ದಳು. ಅವನು ಬೀಜಗಳ ಸುತ್ತ ಪೆನ್ಸಿಲ್ ಎಳೆದು, ಮನೆಯಿಂದ ಮನೆಗೆ ಕಾಲುದಾರಿ ಮಾಡಿದ. ನಡುವೆ ಬಿಟ್ಟುಹೋದ ಜಾಗದಲ್ಲಿ ಹಳ್ಳವನ್ನು ಹರಿಸಿದ. ದೇವಸ್ಥಾನ ಬೇಡವೆಂದು ಒಂದು ಅರಳಿಕಟ್ಟೆ ಇಟ್ಟ. ಮೈಕು, ಧ್ವಜ, ಪ್ರತಿಮೆ ಯಾವುದೂ ಬೇಡವೆಂದುಕೊಂಡ. ಅದು ಅವನ ಊರು. ಅಲ್ಲಿ ಯಾರು ಎಲ್ಲಿ ಇರಬೇಕೆಂದು ತೀರ್ಮಾನಿಸಿದ್ದು ಹುಣಸೆ ಬೀಜ.

ಬೀಜಗಳಲ್ಲಿ ಒಂದು ಮಾತ್ರ ಉಳಿದವುಗಳಿಂದ ಹಾರಿ, ಎಡ ಅಂಚಿನ ಹತ್ತಿರ, ಹಳ್ಳ ಶುರುವಾಗುವ ಜಾಗದಲ್ಲಿ ಬಿದ್ದಿತ್ತು. ಗೋಡೆಗೆ ಪ್ರೈಮರ್ ಹೊಡೆದು, ನೀಲಿಪುಡಿ ಸವರಿದ ದಾರವನ್ನು ಬಿಗಿದು ಚೌಕಗಳನ್ನು ಹೊಡೆದುಕೊಂಡು, ಒಂದೊಂದೇ ಮನೆಯನ್ನು ಹಾಳೆಯಿಂದ ಗೋಡೆಗೆ ಏರಿಸುತ್ತ ಹೋದಾಗ ಆ ಮೂಲೆಗೆ ಬಂದು ಕೈ ನಿಂತಿತು. ಅಲ್ಲಿ ಏನೋ ಕಪ್ಪಾಗಿ, ದುಂಡಗೆ ಇರಬೇಕಿತ್ತು, ಇಲ್ಲದಿದ್ದರೆ ಚಿತ್ರ ಪೂರ್ತಿ ಬಲಕ್ಕೆ ವಾಲುತ್ತಿತ್ತು. ಹಾಗೆಂದೇ ಆ ಮನೆಯ ಹೊರಗೋಡೆಗೆ ಒಂದು ತಮಟೆ ತೂಗುಹಾಕಿದ. ತಮಟೆ ಬಂದ ಮೇಲೆ ತಗ್ಗಾದ ಬಾಗಿಲು ಬಂತು, ಬಾಗಿಲ ಪಕ್ಕ ಬೇವಿನ ಮರ ಬಂತು, ಮರದ ಬುಡದಲ್ಲಿ ಒಂದು ಕಡೆ ಸವೆದ ಒರಳು ಬಂತು. ಬರೆದು ಮುಗಿಸಿ ಹಿಂದೆ ಸರಿದು ನೋಡಿದರೆ ಕೇರಿಯಲ್ಲಿರುವ ಅವ್ವನ ಮನೆ. ಅದು ಚಿತ್ರದ ಸಮತೋಲದ ಲೆಕ್ಕವಷ್ಟೇ, ತನ್ನದೇನೂ ಇಲ್ಲ ಎಂದು ಅವನು ತನಗೇ ಹೇಳಿಕೊಂಡ.

ಅವ್ವ ಮೂಕಮ್ಮ ನಿನ್ನೆ ಮಧ್ಯಾಹ್ನ ಬುತ್ತಿ ತಂದವಳು ಬುತ್ತಿ ಕೈಯಲ್ಲೇ ಹಿಡಿದು ನಿಂತುಬಿಟ್ಟಿದ್ದಳು. ಅವಳು ಚಿತ್ರಗಳನ್ನು ನೋಡುವವಳಲ್ಲ. ಹೊನ್ನಾಳಿಯಲ್ಲಿ ಮಗ ಬರೆದ ಚಿತ್ರಗಳ ಮುಂದೆ ಬಾಯಿಗೆ ಸೆರಗು ಹಿಡಿದು ಹೂಂ ಎನ್ನುತ್ತಿದ್ದಳು, ಅಷ್ಟೆ. ಇಲ್ಲಿ ಮಾತ್ರ ಗೋಡೆಯ ತೀರ ಹತ್ತಿರ ಹೋಗಿ, ತಮಟೆಯ ಮೇಲೆ ಬೆರಳಿಡಲು ಹೋಗಿ, ಬಣ್ಣ ಹಸಿಯಿದೆಯೇನೋ ಎಂದು ಬೆರಳು ಹಿಂದಕ್ಕೆ ತೆಗೆದುಕೊಂಡಳು. ನಿಮ್ಮಪ್ಪನ ತಮಟೆ ಎಂದಳು. ಅಪ್ಪ ತಿಪ್ಪೇಶಪ್ಪ ಸತ್ತು ಬಹಳ ವರ್ಷವಾಗಿತ್ತು. ಆಮೇಲೆ ಅವಳ ಕಣ್ಣು ಮನೆ ಮುಂದಿನ ಹಳ್ಳಕ್ಕೆ ಬಿತ್ತು. ಅಲ್ಲಿ ಒಬ್ಬ ಹೆಂಗಸು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ‘ನೀರು ಮೊದ್ಲು ನಮ್ಮನೆ ಮುಂದೆ ಬರ್ತೈತಲ್ಲೋ ಕೊಟ್ರ,’ ಎಂದಳು. ಅವಳ ಮುಖದಲ್ಲಿ ಆಗ ಕಂಡದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಸಂಜೆಯ ಹೊತ್ತಿಗೆ ಕೇರಿಯ ಹೆಂಗಸರಿಗೆಲ್ಲ ಸುದ್ದಿ ತಲುಪಿತ್ತು. ನಾಳೆ ಸಮಾರಂಭಕ್ಕೆ ಎಲ್ಲರೂ ಬಂದು ಮೂಕಮ್ಮನ ಮನೆಯನ್ನು ನೋಡುವವರಿದ್ದರು.

ಆ ಒಗೆಯುವ ಹೆಂಗಸೇ ಈಗ ಅವನಿಗೆ ತಲೆನೋವಾಗಿದ್ದಳು. ಹಾಲಸ್ವಾಮಿಯವರು ಕೇಳುವವರೆಗೆ ಅವನು ಅದನ್ನು ಆ ದೃಷ್ಟಿಯಿಂದ ನೋಡಿಯೇ ಇರಲಿಲ್ಲ. ನೀರು ಎಂದ ಮೇಲೆ ಬಟ್ಟೆ ಒಗೆಯುವವಳು ಇರಲಿ ಎಂದು ಬರೆದಿದ್ದ. ಒಗೆಯುತ್ತಾಳೆಂದ ಮೇಲೆ ಸೋಪಿನ ನೊರೆ. ನೊರೆ ಎಂದ ಮೇಲೆ ಅದು ಹರಿದು ಹೋಗಬೇಕು. ಬಿಳಿ ಬಣ್ಣದಲ್ಲಿ ಬಹಳ ಮುದ್ದಾಗಿ, ಸಣ್ಣ ಸಣ್ಣ ಗುಳ್ಳೆಗಳನ್ನು ಎಡದಿಂದ ಬಲಕ್ಕೆ ತೇಲಿಬಿಟ್ಟಿದ್ದ. ಗುಳ್ಳೆಗಳ ಮುಂದೆ ಕಾಗದದ ದೋಣಿಗಳು, ಮೂತಿ ಬಲಕ್ಕೆ. ಹಳ್ಳ ಮೊದಲ ಸಲ ಬಳುಕುವ ಕಡೆ ಮೂವರು ಹೆಂಗಸರು ಬಗ್ಗಿ ಕೊಡಕ್ಕೆ ನೀರು ತುಂಬುತ್ತಿದ್ದರು. ಅವರ ಹಿಂದಿನ ಮನೆಗಳು ಕೆಂಪು ಹೆಂಚಿನವು, ಒಂದಕ್ಕೆ ಮಹಡಿಯೂ ಇತ್ತು. ಅಂದರೆ ತಮಟೆ ನೇತುಹಾಕಿದ ಮನೆಯ ಮುಂದೆ ಒಗೆದ ಬಟ್ಟೆಯ ನೊರೆ ಸೀದಾ ಮಹಡಿ ಮನೆಯವರ ಕೊಡಕ್ಕೆ ಹೋಗುತ್ತಿತ್ತು. ಊರಿನಲ್ಲಿ ಯಾರೊಬ್ಬರಿಗೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಜವಾದ ಊರಿನಲ್ಲಿ ನೀರು ಮೇಲಿನ ಬೀದಿಯಿಂದ ಕೆಳಗಿಳಿದು, ಎಲ್ಲರ ಅಂಗಳ ತೊಳೆದು, ಎಲ್ಲರ ಎಮ್ಮೆ ಮೀಯಿಸಿ, ಕೊನೆಗೆ ಕೇರಿಯ ಬಾಗಿಲಿಗೆ ಬಂದು ನಿಂತು ಹಸಿರಾಗುತ್ತಿತ್ತು. ಈಗ ನಲ್ಲಿ ಬಂದಿದೆ, ಟ್ಯಾಂಕು ಬಂದಿದೆ, ಪೇಪರ್ ಲೋಟ ಬಂದಿದೆ. ಪೇಪರ್ ಲೋಟ ಬಂದ ಮೇಲಂತೂ ಊರಿನ ಚಹಾದಂಗಡಿಯಲ್ಲಿ ಯಾರದ್ದು ಯಾವ ಲೋಟ ಅನ್ನುವ ತಕರಾರೇ ಇಲ್ಲ. ಯಾರೂ ಬದಲಾಗಬೇಕಾಗಲಿಲ್ಲ, ಲೋಟ ಬದಲಾಯಿತು.

ಕೇಳಲಿ, ಎಂದುಕೊಂಡ. ಇನ್ನೊಂದು ಸಲ ಬಂದು ಕೇಳಲಿ, ಹೇಳುತ್ತೇನೆ. ಬೆಂಚಿನಿಂದ ಇಳಿದು ನೆರಳಿನಲ್ಲಿ ಕೂತು ಅವನು ಹಾಲಸ್ವಾಮಿಯವರ ಜೊತೆ ಮನಸ್ಸಿನಲ್ಲೇ ವಾದಕ್ಕಿಳಿದ. ಇದು ಇಲ್ಲದ ಊರು ಗೌಡ್ರೇ, ಇಲ್ಲದ ನೀರು, ಇಲ್ಲದ ನೊರೆ. ಇದನ್ನು ಕುಡಿದು ಯಾರಿಗೆ ಮೈಲಿಗೆಯಾಗಬೇಕು. ಆಗುತ್ತದೆ ಅಂತಾದರೆ ಬಾಯಿಬಿಟ್ಟು ಹೇಳಿ, ನಾಳೆ ಮಂತ್ರಿಗಳು ಬಂದಾಗ ಅವರ ಮುಂದೆಯೇ ಹೇಳಿ. ಹೊನ್ನಾಳಿಯಲ್ಲಿ ಏಪ್ರಿಲ್ ತಿಂಗಳ ಜಯಂತಿಯ ಸಭೆಗಳಲ್ಲಿ ಅವನು ಇಂಥ ಮಾತುಗಳನ್ನು ಚೆನ್ನಾಗಿಯೇ ಆಡುತ್ತಿದ್ದ. ಮನೆಯ ಪಡಸಾಲೆಯಲ್ಲಿ ತಾನೇ ಬರೆದ ಬುದ್ಧನಿದ್ದ. ತಲೆ ಎತ್ತಿ ಬದುಕಬೇಕೆಂದು ಹುಡುಗರಿಗೆ ಹೇಳುವಾಗ ಅವನ ಧ್ವನಿ ನಡುಗುತ್ತಿತ್ತು, ಮತ್ತು ಆ ನಡುಕ ಸುಳ್ಳಾಗಿರಲಿಲ್ಲ. ಆದರೆ ಈಗ ಮನಸ್ಸಿನೊಳಗಿನ ಹಾಲಸ್ವಾಮಿಯವರು ಯಾವ ವಾದಕ್ಕೂ ಉತ್ತರ ಕೊಡದೆ ಚಹಾ ಕುಡಿಯುತ್ತ ನಿಂತಿದ್ದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದವರಿಗೆ ತಿರುಗಿಸಿ ಬೈಯಬಹುದು. ಸುಮ್ಮನೆ ಪ್ರಶ್ನೆ ಕೇಳಿ ಹೋದವರನ್ನು ಏನು ಮಾಡುವುದು.

ಹಿಂದೆ ನ್ಯಾಮತಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆ ಮನೆ ಹುಡುಕುವಾಗ ಮನೆಯ ಯಜಮಾನಿ, ಮೇಷ್ಟ್ರೇ ನೀವು ಯಾವ ಕಡೆಯೋರು ಎಂದು ನಗುನಗುತ್ತ ಕೇಳಿದ್ದಳು. ಅವನು ಜಗಳೂರು ಕಡೆಯವನು ಎಂದ. ಅದು ಊರಾಯಿತಲ್ಲ ಎಂದು ಅವಳು ಮತ್ತೆ ನಕ್ಕಳು, ಮುಂದೆ ಕೇಳಲಿಲ್ಲ. ಕೇಳುವ ಮೊದಲೇ ಅವನು ಅಡ್ವಾನ್ಸ್ ಆಮೇಲೆ ಕೊಡುತ್ತೇನೆಂದು ಹೊರಟು ಬಂದ, ತಿರುಗಿ ಹೋಗಲಿಲ್ಲ. ಆ ಮನೆ ಬಹಳ ದಿನ ಖಾಲಿ ಇದ್ದದ್ದನ್ನು ಬಸ್ಸಿನಿಂದ ನೋಡುತ್ತಿದ್ದ. ಚನ್ನಗಿರಿಯಲ್ಲಿ ಜೊತೆಯ ಮೇಷ್ಟ್ರ ಮಗಳ ಮದುವೆಯಲ್ಲಿ ಊಟದ ಮೊದಲ ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಕೂತ ಮುದುಕರು ಎಲೆಗೆ ನೀರು ಚಿಮುಕಿಸುತ್ತ ಇವನ ಕಡೆ ಒಮ್ಮೆ ನೋಡಿದರು. ನೋಡಿದರು, ಅಷ್ಟೆ. ಅವನು ಎದ್ದು, ಫೋನ್ ಬಂದವನ ಹಾಗೆ ಕಿವಿಗೆ ಮೊಬೈಲ್ ಹಿಡಿದು ಹೊರಗೆ ಹೋಗಿ, ಕೊನೆಯ ಪಂಕ್ತಿಯಲ್ಲಿ ಡ್ರೈವರುಗಳ ಜೊತೆ ಕೂತು ಉಂಡ. ಬೀಗರನ್ನು ಬಿಟ್ಟು ಹುಡುಕಿಕೊಂಡು ಬಂದ ಮದುವೆ ಮನೆಯ ಮೇಷ್ಟ್ರು, ಇಲ್ಲಿ ಯಾಕ್ರೀ ಕೂತ್ರಿ, ನಿಮಗೆ ಅಲ್ಲಿ ಎಲೆ ಹಾಕಿಸಿದ್ದೆನಲ್ಲ ಎಂದು ನಿಜವಾಗಿಯೂ ನೊಂದುಕೊಂಡಿದ್ದರು. ಅವನಿಗೆ ಆ ಮುದುಕರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಒಳ್ಳೆಯ ಮನುಷ್ಯರ ಮೇಲೆ ಬಂತು. ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ಗುರುಬಸವರಾಜ್ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದು ಗೋಡೆ ತೋರಿಸಿದರು. ಸಾಲು ಕ್ಷಣದಲ್ಲಿ ಮುರಿದು, ಮಕ್ಕಳು ಇದು ನಂದು, ಅದು ನಂದು ಎಂದು ಮನೆಗಳನ್ನು ಹಂಚಿಕೊಳ್ಳತೊಡಗಿದರು. ಒಬ್ಬಳು ತಮಟೆಯ ಮನೆಯನ್ನು ಹಿಡಿದು ಬಿಡಲೇ ಇಲ್ಲ. ಅವಳು ಯಾರ ಮನೆಯವಳು ಎಂದು ಕೊಟ್ರೇಶ್ ಅವಳ ಮುಖ, ಕಿವಿಯೋಲೆ, ಕಾಲಿನ ಚಪ್ಪಲಿ ನೋಡಿ ಅಂದಾಜು ಮಾಡಲು ಹೋದ. ಅಂದಾಜು ಸಿಗಲಿಲ್ಲ. ತನ್ನ ಕಣ್ಣು ಎಲ್ಲೆಲ್ಲಿ ಹೋಗಿ ಬಂತೆಂದು ತಿಳಿದು ಅಸಹ್ಯವಾಯಿತು. ಮಕ್ಕಳು ಹೋದ ಮೇಲೆ ಹೆಡ್‌ಮಾಸ್ಟರು ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ಅವನ ಬುತ್ತಿಯಿಂದ ಒಂದು ರೊಟ್ಟಿ ಮುರಿದುಕೊಂಡು, ತಮ್ಮ ಡಬ್ಬಿಯ ಪಲ್ಯವನ್ನು ಅವನ ಮುಚ್ಚಳಕ್ಕೆ ಬಡಿಸಿದರು. ಅವರು ಇದನ್ನು ಸ್ವಲ್ಪ ಎಲ್ಲರಿಗೂ ಕಾಣುವ ಹಾಗೆ ಮಾಡುತ್ತಾರೇನೋ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಅನ್ಯಾಯ ಎಂದೂ ಅನ್ನಿಸಿತು. ಹಳ್ಳದ ಬಗ್ಗೆ ಅವರೇನಾದರೂ ಹೇಳುತ್ತಾರೆಯೇ ಎಂದು ಕಾದ. ಅವರು ಅರಳಿಮರದ ಎಲೆಗಳನ್ನು ಹೊಗಳಿದರು. ಸಾರ್, ಈ ನೀರಿನ ವಿಷಯ ಎಂದು ತಾನೇ ಮಾತು ತೆಗೆದ. ಅವರು, ಹೌದು ಹೌದು, ನೀರು ಬಹಳ ಚೆನ್ನಾಗಿ ಬಂದಿದೆ, ನೋಡಿದರೆ ಕೈ ತೊಳೆಯೋಣ ಅನ್ನಿಸುತ್ತದೆ ಎಂದು ರೊಟ್ಟಿ ಅಗಿಯುತ್ತ ಹೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಹಾಲಸ್ವಾಮಿಯವರು ಬಂದರು. ಕೊಟ್ರೇಶ್ ಎದ್ದು ನಿಂತ. ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಗಂಟಲಿಗೆ ಬಂತು. ಅವರು ಶಾಮಿಯಾನದ ನೆರಳು ಎಲ್ಲಿಯವರೆಗೆ ಬರುತ್ತದೆ ನೋಡಿದರು, ಮಂತ್ರಿಗಳು ಬರುವ ದಾರಿಯಲ್ಲಿ ಬಿದ್ದಿದ್ದ ಕಲ್ಲನ್ನು ಕಾಲಿನಿಂದ ಸರಿಸಿದರು, ಗೋಡೆ ಒಣಗುತ್ತದೋ ಇಲ್ಲವೋ ಕೇಳಿದರು. ಒಣಗುತ್ತದೆ ಎಂದ. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ಮುಂದೆ ನಡೆದರು. ಬಲದಿಂದ ಶುರುಮಾಡಿ, ಮಹಡಿ ಮನೆ, ಕೊಡ ಹಿಡಿದ ಹೆಂಗಸರು, ದೋಣಿಗಳು, ನೊರೆ, ಒಗೆಯುವವಳು, ತಮಟೆ. ತಮಟೆಯ ಮುಂದೆ ನಿಂತರು. ಅವರ ಬೆನ್ನು ಮಾತ್ರ ಅವನಿಗೆ ಕಾಣುತ್ತಿತ್ತು. ಈ ಬೆನ್ನನ್ನು ಅವನು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದ. ಅಪ್ಪ ತಮಟೆ ಬಡಿಯುತ್ತ ಮುಂದೆ, ಮೆರವಣಿಗೆಯಲ್ಲಿ ಇವರು ಹಿಂದೆ, ಮೆರವಣಿಗೆ ದಾಟಿ ಹೋದ ಮೇಲೆ ಕೊನೆಗೆ ಉಳಿಯುತ್ತಿದ್ದದ್ದು ಈ ಬೆನ್ನು. ಈಗ ಕೇಳುತ್ತಾರೆ ಎಂದುಕೊಂಡ. ಅವರು ಕೇಳಲಿಲ್ಲ. ತಿರುಗಿ, ನಾಳೆ ಬೆಳಿಗ್ಗೆ ಬೇಗ ಬನ್ನಿ ಮೇಷ್ಟ್ರೇ, ನಿಮಗೂ ವೇದಿಕೆ ಮೇಲೆ ಶಾಲು ಹಾಕಿಸುವುದಿದೆ ಎಂದು ಹೇಳಿ ಹೋದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ. ಅವರಿಗೆ ಗೊತ್ತಾಗಿತ್ತು. ಅಥವಾ ಏನೂ ಗೊತ್ತಾಗಿರಲಿಲ್ಲ. ಎರಡರಲ್ಲಿ ಯಾವುದು ಎಂದು ತಿಳಿಯದೆ ನಾಳೆಯವರೆಗೆ ಇರುವುದು ಅವನಿಂದ ಆಗದ ಕೆಲಸವಾಗಿತ್ತು.

ಶಾಲೆಯ ಗೇಟಿನ ಹತ್ತಿರ ಯಾರೂ ಇರಲಿಲ್ಲ. ಚಿತ್ರದಲ್ಲಿ ನೀರನ್ನು ತಿರುಗಿಸುವುದು ಎಷ್ಟು ಸುಲಭ ಎಂದು ಅವನಿಗೆ ಆಶ್ಚರ್ಯವಾಯಿತು. ನೀಲಿ ಅದೇ ನೀಲಿ, ದಡ ಅದೇ ದಡ. ಒಗೆಯುವವಳ ಬಲಕ್ಕಿದ್ದ ನೊರೆಯನ್ನು ನೀಲಿಯಿಂದ ಮುಚ್ಚಿ, ಅವಳ ಎಡಕ್ಕೆ, ಗೋಡೆಯ ಅಂಚಿನ ಕಡೆಗೆ ಹೊಸ ಗುಳ್ಳೆಗಳನ್ನು ಇಟ್ಟ. ದೋಣಿಗಳ ಮೂತಿ ಅಳಿಸಿ ಹಿಂಬದಿಗೆ ಮೂತಿ ಮಾಡಿದ. ಕಲ್ಲುಗಳ ಬಲಕ್ಕಿದ್ದ ಸುಳಿಗಳನ್ನು ಎಡಕ್ಕೆ ತಂದ. ಆ ಕಡೆ ಬಾಗಿದ್ದ ದಡದ ಜೊಂಡನ್ನು ಈ ಕಡೆ ಬಾಗಿಸಿದ. ಅಷ್ಟೆ. ಹಳ್ಳ ಈಗ ಮಹಡಿ ಮನೆಯ ಕಡೆಯಿಂದ ಹುಟ್ಟಿ, ಎಲ್ಲರ ಕೊಡ ತುಂಬಿಸಿ, ಕೊನೆಗೆ ತಮಟೆ ಮನೆಯ ಮುಂದೆ ಬಂದು, ಅಲ್ಲಿ ಒಗೆದ ಬಟ್ಟೆಯ ಕೊಳೆ ಹೊತ್ತು ಗೋಡೆಯಿಂದ ಹೊರಗೆ ಬೀಳುತ್ತಿತ್ತು. ಮನೆ ಅಲ್ಲೇ ಇತ್ತು, ಬೇವಿನ ಮರ ಅಲ್ಲೇ ಇತ್ತು. ಯಾರ ಮನೆಯನ್ನೂ ಅವನು ತೆಗೆದಿರಲಿಲ್ಲ. ಇಡೀ ಗೋಡೆಯಲ್ಲಿ ಅಷ್ಟು ನಯವಾದ ಕೆಲಸ ಬೇರೆಲ್ಲೂ ಬಂದಿರಲಿಲ್ಲ. ಮುಗಿದಾಗ ಜ್ವರ ಬಿಟ್ಟ ಹಾಗೆ ಹಗುರಾಗಿತ್ತು. ಬ್ರಷ್ ತೊಳೆದು, ಉಳಿದ ಬಣ್ಣವನ್ನು ಗೋಣಿಚೀಲಕ್ಕೆ ಹಾಕುವಷ್ಟರಲ್ಲಿ ಆ ಹಗುರ ಹೋಗಿತ್ತು.

ಮರುದಿನ ಮಂತ್ರಿಗಳು ಬರುವುದು ತಡ ಎಂದು ಸುದ್ದಿ ಬಂತು. ಜನ ಶಾಮಿಯಾನದ ಕೆಳಗೆ ಕೂರದೆ ಗೋಡೆಯ ಮುಂದೆ ಓಡಾಡುತ್ತಿದ್ದರು. ಮೊಬೈಲು ಎತ್ತಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಅವ್ವ ಹಬ್ಬದ ಸೀರೆ ಉಟ್ಟು ಕೇರಿಯ ಹೆಂಗಸರ ಜೊತೆ ಬಂದಳು. ಗೇಟಿನಿಂದಲೇ ಕೈ ತೋರಿಸುತ್ತ, ಏನೋ ಹೇಳುತ್ತ ಬರುತ್ತಿದ್ದವಳು ಗೋಡೆಯ ಹತ್ತಿರ ಬಂದ ಮೇಲೆ ನೊರೆ ಹೋಗುವ ಕಡೆಯನ್ನೇ ನೋಡುತ್ತ ನಿಂತಳು. ಜೊತೆಯವರು ತಮಟೆ ನೋಡಿ, ಒರಳು ನೋಡಿ, ಅಯ್ಯ ಅದೇ ಮನೆ ಕಣೇ ಎಂದು ಬಾಯಿಗೆ ಕೈ ಇಟ್ಟುಕೊಂಡು ನಗುತ್ತಿದ್ದರು. ಅವಳು ಅವರನ್ನು ಅಲ್ಲೇ ಬಿಟ್ಟು ಮಗನ ಹತ್ತಿರ ಬಂದು, ಯಾರು ಹೇಳಿದ್ರು ಎಂದು ಮೆಲ್ಲಗೆ ಕೇಳಿದಳು. ಏನು ಎಂದು ಅವನು ಕೇಳಲಿಲ್ಲ. ಯಾರೂ ಇಲ್ಲ ಎನ್ನುವ ಮಾತು ಬಾಯಿವರೆಗೆ ಬಂದು, ಅದನ್ನು ಹೇಳಿದರೆ ಅದರ ಹಿಂದೆ ಹೇಳಬೇಕಾದದ್ದೆಲ್ಲ ಕಂಡು, ಹೆಡ್‌ಮಾಸ್ಟರು ಹೇಳಿದ್ರು ಎಂದುಬಿಟ್ಟ. ಹಾಲಸ್ವಾಮಿಯವರ ಹೆಸರು ಹೇಳಲು ಧೈರ್ಯ ಸಾಲಲಿಲ್ಲ. ಗುರುಬಸವರಾಜ್ ಹೊರಗಿನವರು, ಒಳ್ಳೆಯವರು, ಇನ್ನೊಂದು ವರ್ಷಕ್ಕೆ ವರ್ಗವಾಗಿ ಹೋಗುವವರು. ಅವರ ಮೇಲೆ ಹಾಕಿದ್ದು ಯಾರಿಗೂ ತಾಗುವುದಿಲ್ಲ ಎಂದುಕೊಂಡ. ಅವ್ವ ಎಂದಿನಂತೆ ಸೆರಗನ್ನು ಬಾಯಿಗೆ ಹಿಡಿದು ಹೂಂ ಎಂದು ಹೋಗುತ್ತಾಳೆ ಎಂದೂ ಅಂದುಕೊಂಡ.

ಅವಳು ಹಾಗೆ ಮಾಡಲಿಲ್ಲ. ಗೇಟಿನ ಬಳಿ ಬಂದವರಿಗೆ ಕೈ ಮುಗಿಯುತ್ತ ನಿಂತಿದ್ದ ಹೆಡ್‌ಮಾಸ್ಟರ ಹತ್ತಿರ ನಡೆದಳು. ಪಕ್ಕದಲ್ಲಿ ಹಾಲಸ್ವಾಮಿಯವರಿದ್ದರು, ಮೇಲಿನ ಬೀದಿಯ ಇನ್ನೂ ನಾಲ್ಕು ಜನರಿದ್ದರು. ಅವರೆದುರು ಅವಳು ಯಾವತ್ತೂ ತಲೆ ಎತ್ತಿ ಮಾತಾಡಿದ್ದನ್ನು ಕೊಟ್ರೇಶ್ ಕಂಡಿರಲಿಲ್ಲ. ಅವ್ವ ಎಂದು ಕರೆಯುತ್ತ ಹಿಂದೆ ಓಡಿದ. ಅಷ್ಟರಲ್ಲಿ ಅವಳು ಕೇಳಿಯಾಗಿತ್ತು.

‘ನೀರು ತಿರುಗ್ಸು ಅಂತ ನನ್ನ ಮಗಂಗೆ ಯಾಕ್ ಹೇಳಿದ್ರಿ ಮೇಷ್ಟ್ರೇ? ಗೋಡೆ ಮ್ಯಾಗಿನ ನೀರು ಯಾರ ಕೊಡಕ್ಕೆ ಬರ್ತೈತ್ರಿ?’

ಅವಳ ಧ್ವನಿ ದೊಡ್ಡದಾಗಿರಲಿಲ್ಲ. ಆದರೂ ಸುತ್ತ ಇದ್ದವರು ತಿರುಗಿ ನೋಡಿದರು. ಗುರುಬಸವರಾಜ್ ಮೊದಲು ಅವಳನ್ನು, ಆಮೇಲೆ ಕೊಟ್ರೇಶನನ್ನು ನೋಡಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಗೋಡೆಯ ಹತ್ತಿರ ಹೋಗಿ, ದೋಣಿಗಳನ್ನು ನೋಡಿ, ನೊರೆ ನೋಡಿ ಬಂದರು. ಬರುವಾಗ ಅವರ ಮುಖ ಕಂದಿತ್ತು. ‘ಇಲ್ಲಮ್ಮ, ನಾನು ಹೇಳಿಲ್ಲ. ಯಾರೂ ಹೇಳಿಲ್ಲ. ನೀವು ಹೇಳಿದ ಮೇಲೇ ನಂಗೆ ಗೊತ್ತಾಗಿದ್ದು,’ ಎಂದರು. ನಂತರ ಕೊಟ್ರೇಶನ ಕಡೆ ತಿರುಗಿ, ನಾನು ಹೇಳಿದೆ ಅಂದ್ರಾ ಸರ್ ಎಂದು ಬಹಳ ಮೆತ್ತಗೆ ಕೇಳಿದರು. ಕೊಟ್ರೇಶ್ ಅವರ ಅಂಗಿಯ ಮೇಲೆ ಚುಚ್ಚಿದ್ದ ಬ್ಯಾಡ್ಜನ್ನು ನೋಡುತ್ತ ನಿಂತ.

ಹಾಲಸ್ವಾಮಿಯವರು ಮೂಕಮ್ಮನ ಕಡೆ ನೋಡದೆ ಗೋಡೆಯ ಕಡೆ ನೋಡುತ್ತಿದ್ದರು. ನೋಡಿ ಮುಗಿದ ಮೇಲೆ, ‘ನಾವ್ಯಾರೂ ಹೇಳಿಲ್ಲ ಮೂಕಮ್ಮ. ಚಿತ್ರ ನಿನ್ನ ಮಗಂದು, ಅವ್ನಿಗೆ ಹೆಂಗ್ ಬೇಕೋ ಹಂಗೆ ಬರ್ದಾನೆ,’ ಎಂದರು. ಮತ್ತೊಮ್ಮೆ ಗೋಡೆಯ ಕಡೆ ನೋಡಿ, ‘ಈಗ ಸರಿಯಾಗೈತೆ, ಬಿಡು,’ ಎಂದರು. ಮಂತ್ರಿಗಳ ಕಾರು ಬಿಳಿಚೋಡು ದಾಟಿತೆಂದು ಯಾರೋ ಹೇಳಿದ್ದರಿಂದ ಅವರೆಲ್ಲ ರಸ್ತೆಯ ಕಡೆ ಹೊರಟರು. ಹೆಡ್‌ಮಾಸ್ಟರೂ ಹೊರಟರು. ಹೋಗುವಾಗ ಅವರು ಕೊಟ್ರೇಶನ ತೋಳನ್ನು ಒಮ್ಮೆ ಮುಟ್ಟಿ ಹೋದರು. ಅದನ್ನು ತಡೆದುಕೊಳ್ಳುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಅವ್ವ, ಮಗ ಇಬ್ಬರೇ ಉಳಿದು ಗೋಡೆಯ ಮುಂದೆ ಬಂದು ನಿಂತರು. ಕೇರಿಯ ಹೆಂಗಸರು ಸ್ವಲ್ಪ ದೂರದಲ್ಲಿ, ನಗುವುದೋ ಬಿಡುವುದೋ ತಿಳಿಯದೆ ನಿಂತಿದ್ದರು. ಅವ್ವ ಸಿಟ್ಟಿನಲ್ಲಿದ್ದಾಳೆ ಎಂದುಕೊಂಡಿದ್ದ, ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಣ್ಣ ಉಳಿದಿದೆಯಾ ಎಂದು ಕೇಳಿದಳು. ಬೆಂಚಿನ ಕೆಳಗೆ ಗೋಣಿಚೀಲದಲ್ಲಿ ನೀಲಿ, ಬಿಳಿ ಎರಡೂ ಅರ್ಧರ್ಧ ಡಬ್ಬಿ ಇದ್ದವು. ಕಾರು ಬರುವುದರೊಳಗೆ ನೊರೆಯನ್ನಾದರೂ ತಿರುಗಿಸಬಹುದಿತ್ತು. ‘ಖಾಲಿ ಆಗೈತವ್ವ,’ ಎಂದ.

ಅವಳು ಅವನ ಕೈಯನ್ನು ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ನೀಲಿಯಿತ್ತು.

‘ನಿಮ್ಮಪ್ಪಂಗೆ ತಮಟೆ ಬಡಿ ಅಂತ ಹೇಳಾಕೆ ಮನೆ ಬಾಗ್ಲಿಗೆ ಒಬ್ಬ ಬರ್ತಿದ್ದ,’ ಎಂದಳು. ‘ನಿಂಗೆ ಅವನೂ ಬೇಕಾಗ್ಲಿಲ್ಲ.’

ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ಅವಳು ಶಾಮಿಯಾನದೊಳಗೆ ಹೋದಳು. ಹಿಂಭಾಗದಲ್ಲಿ ನೆಲದ ಮೇಲೆ ಜಮಖಾನ ಹಾಸಿತ್ತು, ಕೇರಿಯ ಹೆಂಗಸರು ಅತ್ತ ತಿರುಗಿದ್ದರು. ಅವಳು ತಿರುಗಲಿಲ್ಲ. ಕುರ್ಚಿಗಳ ನಡುವಿನ ದಾರಿಯಲ್ಲಿ ಮುಂದಕ್ಕೆ ನಡೆದು, ಹಾಲಸ್ವಾಮಿಯವರ ಮನೆಯ ಹೆಂಗಸರು ಕೂತಿದ್ದ ಸಾಲಿನಲ್ಲಿ ಒಂದು ಖಾಲಿ ಕುರ್ಚಿ ನೋಡಿ ಕೂತಳು. ಯಾರೂ ಅವಳನ್ನು ಎಬ್ಬಿಸಲಿಲ್ಲ. ಮಂತ್ರಿಗಳು ಬಂದು ವೇದಿಕೆ ಹತ್ತಿದ ಮೇಲೆ ಮೈಕಿನಲ್ಲಿ ಕೊಟ್ರೇಶನ ಹೆಸರು ಕರೆದರು. ವೇದಿಕೆಗೆ ಹೋಗಲು ಇದ್ದದ್ದು ಅವ್ವ ಕೂತ ಸಾಲನ್ನು ದಾಟುವ, ಆ ಕುರ್ಚಿಗಳ ನಡುವಿನ ದಾರಿ ಒಂದೇ. ಅವನು ಗೋಡೆಗೆ ಒರಗಿ ನಿಂತೇ ಇದ್ದ. ಅವನ ಹೆಸರನ್ನು ಮತ್ತೆ ಕರೆದರು.